ಸ್ಟುಡಿಯೋ ಮನೆ ಸೊಸೆ ತೆಗೆದ ನೆರಳು

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ನೀವಾಗಿಯೇ ಕಂಡುಹಿಡಿದು ನಗುವುದು ಬೇಡ. ಅವಳು ನನ್ನ ಮೈದುನನ ಹೆಂಡತಿ. ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಮೈದುನ ಅಲ್ಲೇ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವಳ ಬಣ್ಣ, ಒಡವೆ, ಸೀರೆ ಇವುಗಳ ಮೇಲೆ ನಾನು ಎಂದೂ ಕಣ್ಣು ಹಾಕಿದವಳಲ್ಲ. ನನ್ನ ಕಿಚ್ಚೆಲ್ಲ ಅವಳು ತೆಗೆಯುವ ಫೋಟೋಗಳ ಮೇಲೆ. ಹಾಲು ಉಕ್ಕಿದ ಪಾತ್ರೆ, ಬಾಗಿಲ ಸಂದಿಯ ಬಿಸಿಲು, ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದವರ ನೆರಳು, ಹೀಗೆ ಏನನ್ನೋ ಮೂಲೆ ಒಡೆದ ಮೊಬೈಲಿನಲ್ಲಿ ತೆಗೆದು ಸ್ಟೇಟಸ್ಸಿಗೆ ಹಾಕುತ್ತಾಳೆ. ನೋಡಿದವರೆಲ್ಲ ಅಯ್ಯೋ, ಕರುಳು ಚುರ್ ಅಂತು ಅನ್ನುತ್ತಾರೆ. ಹದಿನೆಂಟು ವರ್ಷದಿಂದ ಕ್ಯಾಮೆರಾ ಹೊತ್ತು ಹೆಗಲು ಸವೆಸಿಕೊಂಡ ನನ್ನ ಫೋಟೋ ನೋಡಿ ಯಾರ ಕರುಳೂ ಚುರ್ ಅಂದದ್ದಿಲ್ಲ. "ಕ್ಲಿಯರ್ ಆಗಿ ಬಂದಿದೆ ಮೇಡಂ" ಅನ್ನುತ್ತಾರೆ, ಅಷ್ಟೆ.

ಆ ಕ್ಲಿಯರ್ ಅನ್ನುವ ಮಾತೇ ನಮ್ಮ ಸ್ಟುಡಿಯೋದ ಹೆಗ್ಗಳಿಕೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಾವ ಹಾಕಿದ ಸ್ಟುಡಿಯೋ ಅದು. ಮದುವೆಯಾಗಿ ಬಂದ ನನಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದವರೂ ಅವರೇ. ಅವರು ಈಗಿಲ್ಲ, ಅವರು ಹಾಕಿದ ಎರಡು ಕಟ್ಟಳೆ ಇವೆ. ಒಂದು, ಮುಖದ ಮೇಲೆ ನೆರಳು ಬೀಳಕೂಡದು. ಎಡಕ್ಕೊಂದು ಬಲಕ್ಕೊಂದು ಲೈಟು, ಗಲ್ಲದ ಕೆಳಗೆ ಬಿಳಿ ಥರ್ಮೋಕೋಲ್ ಹಲಗೆ, ಕಣ್ಣಿನ ಗುಳಿಯಲ್ಲೂ ಕತ್ತಲೆ ಉಳಿಯಬಾರದು. ಇನ್ನೊಂದು, ಲೆನ್ಸಿನ ಮುಚ್ಚಳಕ್ಕೆ ಹಳೆಯ ಶೂ ಲೇಸು ಕಟ್ಟಿ ಕ್ಯಾಮೆರಾದ ಪಟ್ಟಿಗೆ ಗಂಟು ಹಾಕಬೇಕು. ಮದುವೆ ಮನೆಯಲ್ಲಿ ಮುಚ್ಚಳ ಕಳೆದುಕೊಂಡು ಬಂದರೆ ಮಾವ ಆ ದಿನವೆಲ್ಲ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಬೇರೆ ಫೋಟೋಗ್ರಾಫರುಗಳು "ಏನ್ ಮೇಡಂ, ಕರು ಕಟ್ಟಿದಂಗೆ ಕಟ್ಟಿದೀರಿ" ಅಂತ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಲೇಸು ಒಮ್ಮೆ ಕಿತ್ತುಹೋದಾಗಲೂ ಬಿಸಾಡದೆ ನಡುವೆ ಗಂಟು ಹಾಕಿ ಇಟ್ಟುಕೊಂಡಿದ್ದೇನೆ.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು ಸ್ಟುಡಿಯೋಗೆ ಬಂದರು. ಭದ್ರಾವತಿಯ ಕಾಗದನಗರದಲ್ಲಿ ಪಾಠ ಮಾಡಿಕೊಂಡು ಅಲ್ಲೇ ಕ್ವಾರ್ಟ್ರಸ್ಸಿನಲ್ಲಿ ಸಂಸಾರ ಮಾಡಿದವರು. ಕಾಗದದ ಕಾರ್ಖಾನೆ ನಿಂತ ಮೇಲೆ ಆ ಕ್ವಾರ್ಟ್ರಸ್ಸುಗಳನ್ನು ಬಿಟ್ಟು ದಿಕ್ಕಿಗೊಬ್ಬರಂತೆ ಹೋದ ಮನೆಯವರಿಂದ ನೆನಪುಗಳನ್ನು ಬರೆಸಿ ಪುಸ್ತಕ ತರುತ್ತಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು.

"ನೀವೇ ಅಲ್ವೇನಮ್ಮ ಸ್ಟುಡಿಯೋ ಮನೆ ಸೊಸೆ?"

"ಹೌದು ಸಾರ್, ಕೂತ್ಕೊಳ್ಳಿ."

"ನಿಮ್ಮನ್ನೇ ಹುಡುಕ್ಕೊಂಡು ಬಂದೆ. ಹತ್ತು ಫೋಟೋ ಬೇಕು, ಅದ್ರಲ್ಲೊಂದು ಮುಖಪುಟಕ್ಕೆ. ನೋಡಿದವ್ರಿಗೆ ಅಳು ಬರ್ಬೇಕು. ಆದ್ರೆ ಫೋಟೋದಲ್ಲಿ ಒಂದು ಮುಖಾನೂ ಇರ್ಬಾರ್ದು. ಆಗುತ್ತಾ?"

ಆಗದೆ ಏನು ಅಂದೆ. ಅವರು ಮುಖಪುಟದ ಹಿಂದೆ ಛಾಯಾಗ್ರಾಹಕಿಯ ಹೆಸರು, ಚಿತ್ರ, ನಾಲ್ಕು ಸಾಲಿನ ಪರಿಚಯ ಹಾಕುತ್ತೇವೆ ಅಂದಾಗ ನನ್ನ ಕೈ ತಾನಾಗಿಯೇ ಕೂದಲು ಸರಿಮಾಡಿಕೊಂಡಿತು. ಎಷ್ಟು ಮದುವೆ, ಎಷ್ಟು ನಾಮಕರಣ, ಎಷ್ಟು ಗೃಹಪ್ರವೇಶ ತೆಗೆದಿದ್ದೇನೋ ಲೆಕ್ಕವಿಲ್ಲ, ಒಂದು ಆಲ್ಬಮ್ಮಿನ ಮೇಲೂ ನನ್ನ ಹೆಸರಿಲ್ಲ. ಇರುವುದು ಸ್ಟುಡಿಯೋದ ಹೆಸರು, ಅಂದರೆ ಮಾವನ ಹೆಸರು. ಈ ವಯಸ್ಸಿನಲ್ಲಿ ಒಂದು ಪುಸ್ತಕದ ಮೇಲೆ ನನ್ನ ಹೆಸರು ನೋಡುವ ಆಸೆ ಎಷ್ಟು ಜೋರಾಗಿ ಬಂತು ಅಂದರೆ ಆ ದಿನ ಬಂದ ಪಾಸ್‌ಪೋರ್ಟ್ ಫೋಟೋದವರನ್ನೆಲ್ಲ ನಗಿಸಿ ಕಳಿಸಿದೆ.

ಆ ಭಾನುವಾರವೇ ಕಾಗದನಗರಕ್ಕೆ ಹೋದೆ. ಜೊತೆಗೆ ಟ್ರೈಪಾಡ್ ಹೊರಲು ಗಂಡ. ಬೀಗ ಬಿದ್ದ ಮನೆಗಳ ಸಾಲು, ಬಾಗಿಲ ಮೇಲೆ ಬಣ್ಣ ಎದ್ದ ನಂಬರು, ಯಾರೋ ಬಿಟ್ಟುಹೋದ ತುಳಸಿಕಟ್ಟೆ, ಮೆಟ್ಟಿಲ ಮೇಲೆ ಒಂಟಿ ಚಪ್ಪಲಿ. ಸಾಮಾನೆಲ್ಲ ಇದೆ, ಇನ್ನೇನು ಬೇಕು ಅಂದುಕೊಂಡೆ. ಬೆಳಿಗ್ಗೆ ಒಂಬತ್ತರ ಚೊಕ್ಕ ಬೆಳಕು. ಹತ್ತಿರದ್ದೂ ದೂರದ್ದೂ ಚೂಪಾಗಿ ಬರಲೆಂದು ಲೆನ್ಸಿನ ಕಂಡಿಯನ್ನು ಕಿರಿದು ಮಾಡಿದೆ, ಒಳಗಿನ ಕತ್ತಲೆಗೆ ಫ್ಲ್ಯಾಶ್ ಹೊಡೆದೆ, ವರಾಂಡದ ನೆರಳಿಗೆ ಬಿಳಿ ಹಲಗೆ ಹಿಡಿಸಿದೆ. ಬಿಸಿಲು ಏರಿದ ಮೇಲೆ ಕ್ಯಾಮೆರಾದ ಸ್ಕ್ರೀನ್ ಕಾಣುವುದಿಲ್ಲ. ಆಗೆಲ್ಲ ನಾನು ಮಾಡುವುದು ಒಂದೇ, ಕ್ಯಾಮೆರಾವನ್ನು ಮುಖದ ಹತ್ತಿರ ತಂದು ಮೇಲೆ ಚೂಡಿದಾರದ ವೇಲ್ ಮುಚ್ಚಿಕೊಂಡು ಒಳಗೇ ನೋಡುವುದು. ಹಾಗೆ ನೋಡಿದೆ. ಗೋಡೆಯ ಬಿರುಕಿನೊಳಗಿನ ಇರುವೆ ಕೂಡ ಎಣಿಸುವಷ್ಟು ಕ್ಲಿಯರ್.

ಮೇಷ್ಟ್ರು ಫೋಟೋಗಳನ್ನು ಒಂದೊಂದಾಗಿ ನೋಡಿದರು. ಮತ್ತೆ ಮೊದಲಿಂದ ನೋಡಿದರು.

"ಚೆನ್ನಾಗಿದೆಯಮ್ಮ. ಕ್ಲಿಯರ್ ಆಗಿದೆ."

"ಆದ್ರೆ?"

"ಆದ್ರೆ... ಬೇಜಾರು ಮಾಡ್ಕೋಬೇಡಿ. ಮನೆ ಬಾಡಿಗೆಗೆ ಕೊಡೋಕೆ ಫೋಟೋ ತೆಗೆದಂಗಿದೆ."

ನನ್ನ ಕಿವಿ ಬಿಸಿಯಾಯಿತು. ಅವರು ಜೇಬಿನಿಂದ ಮೊಬೈಲ್ ತೆಗೆದು, ಬೆರಳಿನಲ್ಲಿ ತಳ್ಳಿ ತಳ್ಳಿ ಒಂದು ಫೋಟೋ ಹುಡುಕಿ ನನ್ನ ಮುಂದೆ ಹಿಡಿದರು. "ಇದನ್ನ ನೋಡೇ ಅಲ್ವಾ ನಾನು ನಿಮ್ಮ ಹತ್ರ ಬಂದಿದ್ದು. ಇದನ್ನ ತೆಗೆದ ಕೈ ಹೀಗ್ಯಾಕೆ ತೆಗೀತು?"

ಕ್ವಾರ್ಟ್ರಸ್ಸಿನ ವರಾಂಡದ ಸುಣ್ಣದ ಗೋಡೆ. ಅದರ ಮೇಲೆ ಒಬ್ಬ ಹೆಂಗಸಿನ ನೆರಳು. ತಲೆ ತಗ್ಗಿಸಿದ್ದಾಳೆ, ಎರಡೂ ಕೈ ಮುಖದ ಹತ್ತಿರ, ಕೈಯಿಂದ ಬಟ್ಟೆಯೊಂದು ಇಳಿಬಿದ್ದಿದೆ. ಅದರ ಕೆಳಗೆ ದುಂಡಗಿನದೇನೋ ತೂಗುತ್ತಿದೆ. ಹೆಂಗಸು ಫೋಟೋದಲ್ಲಿಲ್ಲ, ನೆರಳು ಮಾತ್ರ.

"ಸೆರಗಲ್ಲಿ ಕಣ್ಣು ಒರೆಸ್ಕೊಳ್ತಿದಾಳೆ. ಕೈಯಿಂದ ಬೀಗದ ಕೈ ನೇತಾಡ್ತಿದೆ, ನೋಡಿ. ಮನೆ ಒಪ್ಪಿಸೋ ದಿನ ಅದು" ಅಂದರು ಮೇಷ್ಟ್ರು. ಆಮೇಲೆ ಕನ್ನಡಕ ತೆಗೆದರು. "ನಮ್ಮನೆಯವಳು ಇದೇ ಥರ ನಿಂತಿದ್ಲು. ಈಗಿಲ್ಲ ಅವಳು. ಇದು ನಮ್ಮ ಕಾಗದನಗರದವ್ರ ವಾಟ್ಸಾಪ್ ಗ್ರೂಪಲ್ಲಿ ಬಂತು, ಕೆಳಗೆ 'ಸ್ಟುಡಿಯೋ ಮನೆ ಸೊಸೆ ತೆಗೆದಿದ್ದು' ಅಂತ ಯಾರೋ ಬರೆದಿದ್ರು. ಅವ್ರಿವ್ರನ್ನ ವಿಚಾರಿಸಿದೆ, ನಿಮ್ಮ ಸ್ಟುಡಿಯೋ ಹೆಸರು ಹೇಳಿದ್ರು. ಇದು ನಿಮ್ದೇ ಅಲ್ವೇನಮ್ಮ? ಮುಖಪುಟಕ್ಕೆ ಇದೇ ಇರ್ಲಿ. ಒಳಗಡೆಗೆ ಇದೇ ಥರ ಒಂಬತ್ತು ತೆಗೀರಿ."

ಆ ಫೋಟೋ ನನಗೆ ಗೊತ್ತಿತ್ತು. ವಾರಗಿತ್ತಿಯ ಸ್ಟೇಟಸ್ಸಿನಲ್ಲಿ ನೋಡಿ, ನೋಡಿಯೇ ಇಲ್ಲ ಅನ್ನುವಂತೆ ಬೇಗ ಮುಂದಕ್ಕೆ ತಳ್ಳಿದ್ದೆ. ಅವಳು ಹುಟ್ಟಿ ಬೆಳೆದದ್ದು ಕಾಗದನಗರದಲ್ಲಿ. ಅವಳ ತಂದೆ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರು. ಅವರು ತೀರಿಕೊಂಡ ಮೇಲೂ ತಾಯಿ ಅಲ್ಲೇ ಇದ್ದು, ಮೊನ್ನೆಮೊನ್ನೆ ಮನೆ ಖಾಲಿ ಮಾಡಿ ಕುಂಸಿಗೆ ಮಗನ ಹತ್ತಿರ ಹೋದರು. ಸ್ಟುಡಿಯೋ ಮನೆಗೆ ಇಬ್ಬರು ಸೊಸೆಯರು. ಬರೆದವರು ಯಾವ ಸೊಸೆ ಅಂತ ಬರೆಯಲಿಲ್ಲ, ಮೇಷ್ಟ್ರು ಕೇಳಲಿಲ್ಲ. ಸ್ಟುಡಿಯೋದಲ್ಲಿ ಕೂತವಳು ನಾನು, ನನ್ನ ಹತ್ತಿರ ಬಂದರು.

"ನಿಮ್ದೇ ಅಲ್ವಾ?" ಅಂತ ಮತ್ತೊಮ್ಮೆ ಕೇಳಿದರು.

"ಹೂಂ" ಅಂದೆ.

ನಮ್ಮ ಕಡೆ ಹೂಂ ಅನ್ನುವುದಕ್ಕೆ ಹೌದು ಅಂತಲೂ ಅರ್ಥ, ಕೇಳಿಸಿಕೊಂಡೆ ಮುಂದೆ ಹೇಳಿ ಅಂತಲೂ ಅರ್ಥ. ನಾನು ಅಂದದ್ದು ಎರಡನೆಯ ಹೂಂ ಅಂತ ಅವರು ಹೋದ ಮೇಲೆ ನನಗೆ ನಾನೇ ಹೇಳಿಕೊಂಡೆ. ಸ್ಟುಡಿಯೋದ ಕನ್ನಡಿಯಲ್ಲಿ ಮುಖ ನೋಡಿಕೊಂಡಾಗ ಅದು ನಂಬಲಿಲ್ಲ.

ಹಾಳಾಗಲಿ, ಅವಳು ಮೊಬೈಲಿನಲ್ಲಿ ಮಾಡಿದ್ದನ್ನು ನಾನು ಇಷ್ಟು ದೊಡ್ಡ ಕ್ಯಾಮೆರಾದಲ್ಲಿ ಮಾಡಲಾರೆನೇ? ಮುಖಪುಟಕ್ಕೂ ನನ್ನದೇ ಒಂದು ನೆರಳು ತೆಗೆದು, ಇದು ಅದಕ್ಕಿಂತ ಚೆನ್ನಾಗಿದೆ ಸಾರ್ ಅಂತ ಕೊಟ್ಟುಬಿಟ್ಟರೆ ಆಯಿತು, ಸುಳ್ಳೂ ಉಳಿಯುವುದಿಲ್ಲ. ಮರುದಿನವೇ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಗೋಡೆಗೆ ಬೂದು ಬಟ್ಟೆ ಕಟ್ಟಿದೆ. ಒಂದೇ ಲೈಟು, ಮುಂದೆ ರಟ್ಟಿನ ಕೊಳವೆ ಸಿಕ್ಕಿಸಿ ಬೆಳಕನ್ನು ಸಣ್ಣ ಮಾಡಿದೆ. ನೆರಳಿಗೆ ಮನುಷ್ಯ ಬೇಕಲ್ಲ, ಗಂಡನ ತಲೆಗೆ ನನ್ನ ಹಳೆಯ ಸೀರೆಯ ಸೆರಗು ಹೊದಿಸಿ ನಿಲ್ಲಿಸಿದೆ.

"ಸ್ವಲ್ಪ ಬಗ್ಗಿ. ದುಃಖದಲ್ಲಿರೋ ಥರ ನಿಂತ್ಕೊಳ್ರೀ."

"ದುಃಖದಲ್ಲೇ ಇದೀನಿ ಕಣೇ. ಯಾರಾದ್ರೂ ಗಿರಾಕಿ ಒಳಗೆ ಬಂದ್ರೆ ಏನು ಹೇಳ್ಲಿ?"

ಲೈಟು ಹತ್ತಿರ ತಂದರೆ ನೆರಳು ಊದಿಕೊಂಡಿತು, ದೂರ ಇಟ್ಟರೆ ಕತ್ತರಿಸಿ ಅಂಟಿಸಿದ ಹಾಗೆ ಚೂಪಾಯಿತು. ನಲವತ್ತೋ ಐವತ್ತೋ ತೆಗೆದೆ. ಕೊನೆಗೆ ಉಳಿಸಿಕೊಂಡ ಮೂರನ್ನು ಗಂಡ ನೋಡಿ, "ಅಲ್ವೇ, ಇದು ದೆವ್ವದ ಸಿನಿಮಾಕ್ಕೆ ಬೇಕಾದ್ರೆ ಕೊಡ್ಬೋದು" ಅಂದರು. ಸಿಟ್ಟು ಬಂತು, ಆದರೆ ಸರಿಯಾಗಿಯೇ ಹೇಳಿದ್ದರು. ನನ್ನ ನೆರಳು ಹೆದರಿಸುತ್ತಿತ್ತು, ಅಳಿಸುತ್ತಿರಲಿಲ್ಲ. ಎಲ್ಲಿಂದ ಬೆಳಕು ಬಂತು, ಯಾರು ನಿಂತರು, ಯಾಕೆ ನಿಂತರು ಎಲ್ಲವೂ ಗೊತ್ತಾಗುತ್ತಿತ್ತು. ನೆರಳನ್ನೂ ನಾನು ಕ್ಲಿಯರ್ ಆಗಿಯೇ ತೆಗೆದಿದ್ದೆ.

ಮೇಷ್ಟ್ರ ಫೋನು ಎರಡು ಸಲ ಬಂತು. ಪುಸ್ತಕ ಅಚ್ಚಿಗೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಬೇರೆ ದಾರಿ ಕಾಣದೆ ಭದ್ರಾವತಿ ಬಸ್ಸು ಹತ್ತಿ ಜನ್ನಾಪುರಕ್ಕೆ ಹೋದೆ. ಹೋಗುವಾಗ ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡೆ, ಬರಿಗೈಲಿ ಕಳ್ಳತನಕ್ಕೆ ಹೋಗಬಾರದಲ್ಲ.

ವಾರಗಿತ್ತಿ ಅಡುಗೆಮನೆಯಲ್ಲಿ ಅವರೆಕಾಳು ಹಿದುಕುತ್ತಾ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. "ಅಯ್ಯೋ ಅಕ್ಕ, ಫೋನ್ ಮಾಡಿದ್ರೆ ಇವ್ರನ್ನೇ ಬಸ್‌ಸ್ಟ್ಯಾಂಡಿಗೆ ಕಳಿಸ್ತಿದ್ನಲ್ಲ." ನಾನೂ ಒಂದು ಮುಷ್ಟಿ ಕಾಳು ಎಳೆದುಕೊಂಡು ಹಿದುಕಲು ಕೂತೆ. ಸುಮ್ಮನೆ ಕೇಳಿದ ಹಾಗೆ ಕೇಳಿದೆ.

"ಅಲ್ವೇ ಮಾರಾಯ್ತಿ, ನೀನು ಹಾಕ್ತೀಯಲ್ಲ ಸ್ಟೇಟಸ್ಸಿಗೆ, ಆ ನೆರಳು ಗಿರಳು. ಹೆಂಗ್ ತೆಗೀತೀಯ?"

ಮುಚ್ಚಿಟ್ಟುಕೊಳ್ಳುತ್ತಾಳೆ, ನಾನು ಉಪಾಯವಾಗಿ ಬಿಡಿಸಬೇಕು ಅಂತೆಲ್ಲ ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದೆ. ಅವಳು ಕೈ ಒರೆಸಿಕೊಂಡು ಮೊಬೈಲ್ ತಂದು ಎಲ್ಲವನ್ನೂ ಒಂದೇ ಉಸಿರಿಗೆ ತೋರಿಸಿಬಿಟ್ಟಳು. ಅದು ನನಗೆ ಇನ್ನೂ ಉರಿಯಿತು. ಬಚ್ಚಿಟ್ಟಿದ್ದರೆ ಬೈದುಕೊಳ್ಳುವುದಕ್ಕಾದರೂ ಒಂದು ಕಾರಣ ಸಿಗುತ್ತಿತ್ತು.

"ಏನಿಲ್ಲ ಅಕ್ಕ. ಎಲ್ಲಿ ಜಾಸ್ತಿ ಬೆಳಕಿದೆಯೋ ಅಲ್ಲಿ ಬೆರಳಿಡ್ತೀನಿ. ಮಿಕ್ಕಿದ್ದೆಲ್ಲ ತಾನೇ ಕಪ್ಪಾಗುತ್ತೆ. ಸಂಜೆ ನಾಲ್ಕೂವರೆ ಮೇಲೆ ನೆರಳು ನೆಲ ಬಿಟ್ಟು ಗೋಡೆ ಹತ್ತುತ್ತೆ ನೋಡಿ, ಆವಾಗ. ಮುಂದೆ ಹೋಗಿ ಹುಡುಕಲ್ಲ, ಒಂದ್ಕಡೆ ಕೂತಿರ್ತೀನಿ."

"ಮುಖ ಯಾಕೆ ತೆಗೆಯಲ್ಲ?"

ಅವಳು ನಕ್ಕಳು. "ನಮ್ಮ ಕಾಗದನಗರದವ್ರು ನಿಮಗೆ ಗೊತ್ತಿಲ್ಲ. ಮುಖ ಕಂಡ್ರೆ ಮುಗೀತು. ಇದು ಕ್ಯಾಂಟೀನಿನವ್ರ ಮಗಳಲ್ವಾ, ದಪ್ಪ ಆಗಿದಾಳೆ, ಗಂಡ ಎಲ್ಲಿದಾನೆ, ಇದೇ ಮಾತು. ಮುಖ ಇಲ್ದಿದ್ರೆ ಅವರವ್ರ ಮನೇದು ಅಂದ್ಕೋತಾರೆ."

ನಾನು ಕಾಳಿನ ಸಿಪ್ಪೆಯನ್ನೇ ನೋಡುತ್ತಾ ಕೂತೆ. ಮೇಷ್ಟ್ರು ಕನ್ನಡಕ ತೆಗೆದದ್ದು ಕಣ್ಣ ಮುಂದೆ ಬಂತು. ಹದಿನೆಂಟು ವರ್ಷ ಯಾರೂ ನನಗೆ ಇದನ್ನು ಹೇಳಿರಲಿಲ್ಲ, ಇವಳು ಅವರೆಕಾಳು ಹಿದುಕುತ್ತಾ ಹೇಳಿದಳು.

ಏಳುವ ಮುಂಚೆ ಬಂದ ಕೆಲಸ ಮುಗಿಸಿದೆ. "ಆ ಗೋಡೆ ಮೇಲಿನ ಹೆಂಗಸಿನ ನೆರಳು ಇತ್ತಲ್ಲ, ಅದ್ರ ಒರಿಜಿನಲ್ ಕಳಿಸು. ಸ್ಟುಡಿಯೋದಲ್ಲಿ ದೊಡ್ಡದು ಮಾಡಿ ನೋಡ್ತೀನಿ." ಒರಿಜಿನಲ್ ನನ್ನ ಕೈಗೆ ಬಂದರೆ, ನನ್ನದು ಕೂಡಿಬರದಿದ್ದರೂ ಮುಖಪುಟ ಉಳಿಯುತ್ತದೆ ಅನ್ನುವುದು ನನ್ನ ಲೆಕ್ಕಾಚಾರ. ಅವಳು ಕಾರಣ ಕೂಡ ಕೇಳಲಿಲ್ಲ. ಅಲ್ಲೇ ಕಳಿಸಿದಳು.

"ಅದು ನಿಮ್ಮತ್ರಾನೇ ಇರ್ಬೇಕಾದ್ದು ಅಕ್ಕ" ಅಂದಳು.

ಏನೋ ದೊಡ್ಡ ಮನಸ್ಸು ತೋರಿಸುತ್ತಾಳೆ ಅಂದುಕೊಂಡು ಚಪ್ಪಲಿ ಮೆಟ್ಟಿದೆ.

ಮುಂದಿನ ವಾರ ಮೂರು ಸಂಜೆ ಒಬ್ಬಳೇ ಕಾಗದನಗರಕ್ಕೆ ಹೋದೆ. ಫ್ಲ್ಯಾಶು, ಬಿಳಿ ಹಲಗೆ ಎಲ್ಲ ಮನೆಯಲ್ಲೇ ಬಿಟ್ಟೆ. ಕ್ಯಾಮೆರಾ ಬೆಳಕನ್ನು ಒಂದೇ ಚುಕ್ಕೆಯಲ್ಲಿ ಅಳೆಯುವ ಹಾಗೆ ಹೊಂದಿಸಿ, ಆ ಚುಕ್ಕೆಯನ್ನು ಬಿಸಿಲು ಬಿದ್ದ ಗೋಡೆಯ ಮೇಲೆ ಇಟ್ಟೆ. ಮಿಕ್ಕಿದ್ದು ಕಪ್ಪಾಯಿತು. ಮೊದಲ ಸಂಜೆ ಕೈ ತಡೆಯಲಾರದೆ ಮತ್ತೆ ಮತ್ತೆ ಬೆಳಕು ಹೆಚ್ಚಿಸಿದೆ, ಎಲ್ಲ ಹಾಳಾಯಿತು. ಎರಡನೆಯ ಸಂಜೆ ಮೋಡ. ಮೂರನೆಯ ಸಂಜೆ ಒಂದು ಮೆಟ್ಟಿಲ ಮೇಲೆ ಕೂತು ಬೆಳಕು ಹೆಚ್ಚಿಸುವ ಗುಂಡಿಯನ್ನು ಮುಟ್ಟುವುದಿಲ್ಲ ಅಂತ ಹಟ ಹಿಡಿದೆ. ಖಾಲಿ ಹಗ್ಗಕ್ಕೆ ಸಿಕ್ಕಿಸಿಟ್ಟ ಬಟ್ಟೆ ಕ್ಲಿಪ್ಪುಗಳ ನೆರಳು ನಿಧಾನವಾಗಿ ಗೋಡೆ ಹತ್ತಿ ಬಾಗಿಲ ನಂಬರಿನ ಮೇಲೆ ಬಂತು. ತೆಗೆದೆ. ಆಮೇಲೆ ಕಿಟಕಿ ಸರಳುಗಳ ನೆರಳು ಬಿದ್ದ ಖಾಲಿ ನೆಲ, ಅದರಲ್ಲಿ ಮಂಚದ ನಾಲ್ಕು ಕಾಲಿನ ಗುರುತು. ಅದನ್ನೂ ತೆಗೆದೆ. ಆ ಗುರುತು ಮಂಚದ್ದೋ, ಬೀರುವಿನದೋ, ನನಗೂ ಗೊತ್ತಿಲ್ಲ. ಗೊತ್ತಿಲ್ಲದೆ ಇರುವುದೇ ಒಳ್ಳೆಯದು ಅಂತ ಅನಿಸಿದ್ದು ಅದೇ ಮೊದಲು.

ಅವು ಸೇರಿ ಮೂರು ಫೋಟೋಗಳನ್ನು ಮೇಷ್ಟ್ರು ಒಪ್ಪಿದರು. "ಈಗ ದಾರಿಗೆ ಬಂತು. ನಿಮ್ಮ ಕೈ ಮತ್ತೆ ಬಂತು ನೋಡಿ" ಅಂದರು. ಮತ್ತೆ ಬಂತು ಅನ್ನುವ ಆ ಒಂದು ಮಾತಿಗೆ ನನ್ನ ಸಂತೋಷವೆಲ್ಲ ಇಳಿದುಹೋಯಿತು. ನಾನು ಹೊಸದಾಗಿ ಕಲಿತದ್ದನ್ನೂ ಅವಳ ಖಾತೆಗೆ ಹಾಕಿಬಿಟ್ಟರಲ್ಲ! "ಮುಖಪುಟ ಮಾತ್ರ ಅದೇ ಇರ್ಲಿ. ಅಚ್ಚಿಗೆ ಆಗೋ ಸೈಜಲ್ಲಿ ಬುಧವಾರ ಕಳಿಸಿ. ನಿಮ್ಮ ಪರಿಚಯಾನೂ ಬರೆದು ಕಳಿಸಿ."

ಬುಧವಾರ ಮಧ್ಯಾಹ್ನ ಸ್ಟುಡಿಯೋದಲ್ಲಿ ಗಿರಾಕಿಗಳಿರಲಿಲ್ಲ. ಪರಿಚಯ ಬರೆದಾಗಿತ್ತು, ನಾಲ್ಕು ಸಾಲು, ಚೆನ್ನಾಗಿಯೇ ಇತ್ತು. ವಾರಗಿತ್ತಿಯ ಫೋಟೋವನ್ನು ದೊಡ್ಡ ಪರದೆಯ ಮೇಲೆ ತೆರೆದೆ. ಮೊಬೈಲಿನ ಚಿತ್ರ, ದೊಡ್ಡದು ಮಾಡಿದರೆ ಕಾಳುಕಾಳು. ಮೊದಲು ಆ ಕಾಳು ಕಡಿಮೆ ಮಾಡಿದೆ, ಆಮೇಲೆ ನಿಧಾನಕ್ಕೆ ಅಳತೆ ಹೆಚ್ಚಿಸಿದೆ. ಅಷ್ಟರಲ್ಲಿ ಬಲಗೈ ಅಭ್ಯಾಸಬಲದಿಂದ ಒಂದು ಕೆಲಸ ಮಾಡಿತು. ನೆರಳನ್ನು ತಿಳಿ ಮಾಡುವ ಗುಂಡಿಯನ್ನು ಪೂರ್ತಿ ಬಲಕ್ಕೆ ಎಳೆದುಬಿಟ್ಟಿತು. ಯಾವ ಮುಖ ಬಂದರೂ ಮೊದಲು ನಾನು ಮಾಡುವುದೇ ಅದು.

ನೆರಳು ತೆಳ್ಳಗಾಯಿತು, ತೆಳು ಬಟ್ಟೆಯ ನೆರಳಿನಿಂದ ಗಟ್ಟಿ ವಸ್ತುಗಳ ನೆರಳು ಬೇರೆಯಾಗಿ ಎದ್ದು ಬಂತು. ಕೈಯಿಂದ ತೂಗುತ್ತಿದ್ದ ದುಂಡಗಿನದು ಬೀಗದ ಕೈ ಗೊಂಚಲಲ್ಲ. ಚಪ್ಪಟೆಯಾದ ಬಿಲ್ಲೆ. ಅದನ್ನು ಹಿಡಿದದ್ದು ಒಂದು ದಪ್ಪ ದಾರ, ದಾರದ ನಡುವೆ ಒಂದು ಗಂಟು.

ಮೇಜಿನ ಮೇಲಿದ್ದ ನನ್ನ ಕ್ಯಾಮೆರಾದ ಕಡೆ ನೋಡಿದೆ. ಲೇಸು ಅಲ್ಲೇ ಇತ್ತು, ಗಂಟೂ ಇತ್ತು, ಮುಚ್ಚಳವೂ ಇತ್ತು.

ಅದು ನಾನು. ಅವಳ ತಾಯಿ ಮನೆ ಖಾಲಿ ಮಾಡಿದ ದಿನ. ನೆನಪಿಗಿರಲಿ ಅಂತ ಮೈದುನ ನನ್ನನ್ನು ಫೋಟೋ ತೆಗೆಯಲು ಕರೆಸಿದ್ದ. ಇನ್ನೂರಕ್ಕೆ ಕಡಿಮೆ ಇಲ್ಲದಷ್ಟು ತೆಗೆದಿದ್ದೆ, ಎಲ್ಲವೂ ಕ್ಲಿಯರ್. ಸಂಜೆಯ ಬಿಸಿಲಿಗೆ ಓರೆಯಾಗಿ ವರಾಂಡದ ಮೆಟ್ಟಿಲ ಹತ್ತಿರ ನಿಂತು, ವೇಲನ್ನು ಕ್ಯಾಮೆರಾದ ಮೇಲೆ ಮುಚ್ಚಿಕೊಂಡು ಸ್ಕ್ರೀನ್ ನೋಡುತ್ತಿದ್ದೆ. ಸೆರಗೂ ಇಲ್ಲ, ಬೀಗದ ಕೈಯೂ ಇಲ್ಲ, ಕಣ್ಣೀರಂತೂ ಇಲ್ಲವೇ ಇಲ್ಲ. ಆ ವೇಲಿನೊಳಗೆ ನಾನೇನು ಯೋಚಿಸುತ್ತಿದ್ದೆ ಅನ್ನುವುದೂ ನೆನಪಿದೆ. ಒಳಗೆ ಎಲ್ಲರೂ ವಾರಗಿತ್ತಿಯನ್ನೂ ಅವಳ ತಾಯಿಯನ್ನೂ ತಬ್ಬಿಕೊಂಡು ಸಮಾಧಾನ ಮಾಡುತ್ತಿದ್ದರು. ನನ್ನ ಗಂಡ ಕೂಡ "ಪಾಪ, ಅವಳು" ಅಂದಿದ್ದರು. ನನ್ನ ತವರಿನಲ್ಲಿ ವರ್ಷಕ್ಕೊಂದು ಬಾಡಿಗೆ ಮನೆ, ಬಿಟ್ಟು ಬರುವಾಗ ಯಾರೂ ಅತ್ತವರಿಲ್ಲ. ಇವಳಿಗೆ ಅಳುವುದಕ್ಕಾದರೂ ಒಂದು ಮನೆ ಇದೆಯಲ್ಲ ಅಂತ ಕರುಬುತ್ತಿದ್ದೆ. ಅವಳ ಅಳುವಿನ ಮೇಲೂ ನನಗೆ ಹೊಟ್ಟೆಕಿಚ್ಚು.

ಆ ಹೊಟ್ಟೆಕಿಚ್ಚಿನ ನೆರಳನ್ನು ನೋಡಿ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದರು.

ನಗು ಬಂತು, ತಡೆಯಲಾರದಷ್ಟು ಬಂತು. ಹೊರಗಿನಿಂದ ಗಂಡ "ಏನಾಯ್ತೇ?" ಅಂತ ಕೂಗಿದರು. ಏನಿಲ್ಲ ಅಂದೆ. ಆಮೇಲೆ ಗುಂಡಿಯನ್ನು ಎಡಕ್ಕೆ, ಇದ್ದಲ್ಲಿಗೇ ತಂದು ಬಿಟ್ಟೆ. ಬಿಲ್ಲೆ ಮತ್ತೆ ಬೀಗದ ಕೈ ಆಯಿತು, ವೇಲು ಮತ್ತೆ ಸೆರಗಾಯಿತು. ನಾನು ಅಲ್ಲಿ ನಿಂತದ್ದಷ್ಟೇ, ಕಂಡವಳು ಅವಳು. ಇದರ ಮೇಲೆ ನನ್ನ ಹೆಸರು ಬರೆದುಕೊಂಡರೆ ನಾಳೆ ಪುಸ್ತಕ ತೆರೆದಾಗೆಲ್ಲ ಈ ಲೇಸಿನ ಗಂಟೇ ಕಾಣುತ್ತದೆ ಅನಿಸಿತು. ಬರೆದಿಟ್ಟ ಪರಿಚಯವನ್ನು ಅಳಿಸಿ, ಮನಸ್ಸು ಬದಲಾಗುವ ಮೊದಲೇ ಮೇಷ್ಟ್ರಿಗೆ ಫೋನ್ ಮಾಡಿದೆ.

"ಸಾರ್, ನೀವು ಹುಡುಕ್ಕೊಂಡು ಬಂದ ಸೊಸೆ ನಾನಲ್ಲ. ಆ ಫೋಟೋ ತೆಗೆದಿದ್ದು ನಮ್ಮನೆ ಚಿಕ್ಕ ಸೊಸೆ, ನನ್ನ ವಾರಗಿತ್ತಿ. ನಿಮ್ಮ ಕಾಗದನಗರದ್ದೇ ಹುಡುಗಿ."



"ಆವತ್ತು ಕೇಳಿದ್ದಕ್ಕೆ ಹೂಂ ಅಂದ್ರಲ್ಲಮ್ಮ?"

"ಕೇಳಿಸ್ಕೊಂಡೆ ಅಂತ ಹೂಂ ಅಂದಿದ್ದು ಸಾರ್." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮೇಷ್ಟ್ರ ಮುಂದೆ ನಿಂತ ಹಾಗಾಗಿ ನಿಜವೇ ಬಾಯಿಗೆ ಬಂತು. "ಇಲ್ಲ ಸಾರ್, ಸುಳ್ಳು ಹೇಳಿದ್ದು. ಅವಳ ಮೇಲೆ ಹೊಟ್ಟೆಕಿಚ್ಚಿತ್ತು."

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮುಖಪುಟ ಮತ್ತು ಒಳಗಿನ ಆರು ಫೋಟೋ ಅವಳಿಂದಲೇ ತರಿಸಿಕೊಳ್ಳುತ್ತೇನೆ, ನೀವು ತೆಗೆದ ಮೂರು ಚೆನ್ನಾಗಿವೆ, ಅವು ಇರಲಿ, ಒಳಗೆ ಎಲ್ಲಾದರೂ ಹೆಸರು ಹಾಕುತ್ತೇವೆ ಅಂದರು. "ಅವಳ ಫೋಟೋ ಅಚ್ಚಿಗೆ ಹೊಂದಿಸಿಕೊಡೋ ಕೆಲ್ಸ ಮಾತ್ರ ನೀವೇ ಮಾಡಿಕೊಡಿ. ಅದು ಅವಳಿಗೆ ಬರಲ್ಲ ಅನ್ಸುತ್ತೆ." ಬರಲ್ಲ ಅನ್ನುವ ಮಾತು ಕೇಳಿ ನನಗೆ ಎಷ್ಟು ಹಿತವಾಯಿತು ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಚ್ಚಿಗೆ ಕಳಿಸುವ ಮುಂಚೆ ಮ್ಯಾಟ್ ಕಾಗದದ ಮೇಲೆ ಒಂದು ಪ್ರಿಂಟ್ ತೆಗೆದೆ. ಹೊಳೆಯುವ ಕಾಗದದಲ್ಲಿ ಕಪ್ಪು ಕನ್ನಡಿಯಂತಾಗುತ್ತದೆ, ನೋಡುವವರ ಮುಖವೇ ಕಾಣುತ್ತದೆ. ಮ್ಯಾಟಿನಲ್ಲಿ ನೆರಳು ನೆರಳಾಗಿ ಉಳಿಯಿತು. ಅದನ್ನು ರಟ್ಟಿನ ಹಾಳೆಗಳ ನಡುವೆ ಇಟ್ಟುಕೊಂಡು ಶನಿವಾರ ಜನ್ನಾಪುರಕ್ಕೆ ಹೋದೆ. ಕೊರಳಿಗೆ ಕ್ಯಾಮೆರಾ ಹಾಕಿಕೊಂಡಿದ್ದೆ. ಮುಖಪುಟದ ಹಿಂದೆ ಹಾಕಲು ಅವಳ ಫೋಟೋ ಬೇಕಿತ್ತು, ಅದನ್ನು ನಾನೇ ತೆಗೆಯಬೇಕಿತ್ತು.

ಅವಳಿಗೆ ಮೇಷ್ಟ್ರು ಆಗಲೇ ಫೋನ್ ಮಾಡಿದ್ದರು. ಅವಳು ಹೊಸ ಸೀರೆ ಉಟ್ಟು, ಮುಖಕ್ಕೆ ಪೌಡರ್ ಹಚ್ಚಿಕೊಂಡು, ಗಳಿಗೆಗೊಮ್ಮೆ ಹೊರಗೆ ಬಂದು ನೋಡುತ್ತಿದ್ದಳಂತೆ. ನಾನು ಮೇಷ್ಟ್ರಿಗೆ ಏನು ಹೇಳಿದೆ ಅನ್ನುವುದನ್ನು ಅವರು ಅವಳಿಗೆ ಹೇಳಿರಲಿಲ್ಲ. "ನಿಮ್ಮಕ್ಕನೇ ನಿನ್ನ ಹೆಸರು ಹೇಳಿದ್ರು" ಅಂದಿದ್ದರಷ್ಟೆ. ಪ್ರಿಂಟನ್ನು ಕೈಗೆ ಕೊಟ್ಟೆ. ಕಿಟಕಿಯ ಹತ್ತಿರ ಒಯ್ದು ನೋಡಿದಳು, ದೂರ ಹಿಡಿದು ನೋಡಿದಳು. ಕಣ್ಣು ತುಂಬಿಕೊಂಡಿತು. ಪೌಡರ್ ಹಾಳಾಗುತ್ತದೆ ಅಂತ ನಾನು ಅನ್ನುವ ಮೊದಲೇ ನನ್ನ ಪಕ್ಕ ಬಂದು ಕೂತಳು.

"ಅಕ್ಕ, ಒಂದು ಮಾತು ಹೇಳ್ಲಾ? ಇಷ್ಟು ದಿನ ಹೇಳಿರ್ಲಿಲ್ಲ. ಇದು ನೀವೇ ಅಂತ ನಿಮಗೆ ಗೊತ್ತಾಯ್ತಾ?"

"ಮೊನ್ನೆ ಗೊತ್ತಾಯ್ತು."

"ಆವತ್ತು ಒಳಗೆ ಅಮ್ಮನ ಸುತ್ತ ಎಲ್ರೂ ಇದ್ರು. ನೀವು ಮಾತ್ರ ಕಾಣ್ಲಿಲ್ಲ. ಎಲ್ಲಿ ಹೋದ್ರು ಅಂತ ಬಾಗ್ಲ ಹತ್ರ ಬಂದೆ. ನೀವು ಕಾಣ್ಲಿಲ್ಲ, ಗೋಡೆ ಮೇಲೆ ನಿಮ್ಮ ನೆರಳು ಕಾಣ್ತು. ಯಾರಿಗೂ ಗೊತ್ತಾಗ್ದಂಗೆ ಹೊರಗೆ ಒಬ್ರೇ ನಿಂತ್ಕೊಂಡು ವೇಲಲ್ಲಿ ಮುಖ ಮುಚ್ಕೊಂಡು ಅಳ್ತಿದ್ರಿ. ಕೂಗಿದ್ರೆ ನಾಚ್ಕೋತೀರಿ ಅಂತ ಸುಮ್ನೆ ಒಂದು ಫೋಟೋ ತೆಗೆದು ಒಳಗೆ ಹೋದೆ."

ನಾನು ರಟ್ಟಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದೆ.

"ಅಲ್ಲೀತನಕ ನಿಮಗೆ ನನ್ನ ಕಂಡ್ರೆ ಆಗಲ್ಲ ಅಂತಾನೇ ಅಂದ್ಕೊಂಡಿದ್ದೆ ಅಕ್ಕ. ತಪ್ಪು ತಿಳ್ಕೋಬೇಡಿ. ನೀವು ನಮ್ಮಪ್ಪನ ಮನೆಗೋಸ್ಕರ ಅತ್ರಲ್ಲ, ಆವತ್ತಿಂದ ನಿಮ್ಮ ಮೇಲೆ ನಂಗೆ ಒಂಚೂರೂ ಬೇಜಾರಿಲ್ಲ." ಅವಳು ಪ್ರಿಂಟನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು. "ಅಳ್ತಿದ್ರಿ ಅಲ್ವಾ?"

ಕ್ಯಾಮೆರಾದ ಪಟ್ಟಿಯಿಂದ ಇಳಿಬಿದ್ದ ಲೇಸಿನ ತುದಿಯಲ್ಲಿ ಲೆನ್ಸಿನ ಮುಚ್ಚಳ ನಮ್ಮಿಬ್ಬರ ನಡುವೆ ತೂಗುತ್ತಿತ್ತು. ಅದನ್ನು ಮೆಲ್ಲಗೆ ಮುಷ್ಟಿಯೊಳಗೆ ತೆಗೆದುಕೊಂಡು ಮುಚ್ಚಿಕೊಂಡೆ.

"ಹೂಂ" ಅಂದೆ.